ಬಿಸಿಲಲ್ಲಿ ಹೆಪ್ಪುಗಟ್ಟಿದ ಬೆರಳು

ಏಪ್ರಿಲ್ ಮಧ್ಯಾಹ್ನ, ನಾಯಂಡಹಳ್ಳಿಯ ತಗಡಿನ ಶೆಡ್ಡಿನೊಳಗೆ ನನ್ನ ಬಲಗೈಯ ಎರಡು ಬೆರಳು ಮಂಜುಗಡ್ಡೆಯಾದವು. ನಂಬಲ್ಲ ಅಲ್ವಾ? ನಂಬಬೇಡಿ, ನೋಡೇ ಬಿಡೋಣ.

ಅವೇನು ಸಾಮಾನ್ಯ ಬೆರಳುಗಳಲ್ಲ. ಕಾರಿನ ಏಸಿ ಕೆಲಸದಲ್ಲಿ ಮೈಸೂರು ರೋಡಿನುದ್ದಕ್ಕೂ ನನಗೆ ಸಮ ಯಾರೂ ಇಲ್ಲ. ಕಣ್ಣಿಗೆ ಕಾಣದ ಸಂದಿಯಲ್ಲೂ ಪೈಪಿನ ರಬ್ಬರ್ ರಿಂಗನ್ನು ಬರೀ ಮುಟ್ಟಿ ಕೂರಿಸುವ ಬೆರಳುಗಳು.

ಅಂದು ಒಂದು ಕಾರಿನ ಹಳೇ ಗ್ಯಾಸನ್ನು ಗಾಳಿಗೆ ಬಿಡದೆ ಮೆಷಿನ್ನಿಂದ ಸಿಲಿಂಡರಿಗೆ ಎಳೆದು, ಲೀಕ್ ಸರಿಮಾಡಿ, ಹೊಸ ಗ್ಯಾಸ್ ತುಂಬುತ್ತಿದ್ದೆ. ತುಂಬುವ ಪೈಪಿನ ಬಾಯಲ್ಲೇ ಸೋರಿಕೆ. ಸಿಲಿಂಡರ್ ಮುಚ್ಚಿದೆ. ಕನ್ನಡಕ ಹಾಕಿದ್ದೆ, ಆದರೆ ದಪ್ಪ ಗ್ಲೌಸಿನಲ್ಲಿ ಆ ಪುಟಾಣಿ ರಿಂಗ್ ಹಿಡಿಯಲು ಬರಲಿಲ್ಲ. ಗ್ಲೌಸ್ ಕಳಚಿ ಪೈಪ್ ಬಿಚ್ಚಿದೆ. ಪೈಪಿನಲ್ಲಿ ಉಳಿದ ಗ್ಯಾಸನ್ನು ಮೊದಲು ಮೆಷಿನ್ನಿಗೆ ಎಳೆಸಬೇಕಿತ್ತು. ಒಳಗೆ ಒತ್ತಡಕ್ಕೆ ದ್ರವವಾಗಿ ನಿಂತಿದ್ದ ಗ್ಯಾಸ್, ಹೊರಬಿದ್ದೊಡನೆ ಮಂಜಿಗಿಂತ ತಣ್ಣಗಾಗಿ, ಬುಸ್ ಅಂತ ಬೆರಳಿಗೇ ಹೊಡೆಯಿತು.

ಮೊದಲು ಉರಿ. ಆಮೇಲೆ ಏನೂ ಇಲ್ಲ. ಬೆರಳು ಬೆಳ್ಳಗಾಗಿ ನಿಂತಿತ್ತು.

ಶೆಡ್ಡಿನ ಪಾಲುದಾರ, ನನ್ನ ವಯಸ್ಸಿನವನೇ, ಕೂಗು ಕೇಳಿ ಬಂದ. ಹಿಂದಿನ ವಾರವಷ್ಟೇ ಸುಳ್ಳುಸುಳ್ಳೇ "ಹಾವು!" ಅಂತ ಕಿರುಚಿ ಅವನನ್ನು ಬಾನೆಟ್ ಮೇಲೆ ಹತ್ತಿಸಿದ್ದೆ.

"ಏನೋ ಇದು, ವಿಭೂತಿ ಬಳ್ಕೊಂಡಿದೀಯಾ? ಸಾಕ್ ಕಣೋ ನಿನ್ ನಾಟ್ಕ."

"ಗ್ಯಾಸ್ ಹೊಡೀತು ಕಣೋ, ನಿಜವಾಗ್ಲೂ!"

"ಹೂಂ, ಹೂಂ. ಕೊಡಿಲ್ಲಿ, ಒರೆಸ್ತೀನಿ." ವೇಸ್ಟ್ ಬಟ್ಟೆ ಹಿಡಿದು ನನ್ನ ಕೈ ಎಳೆದುಕೊಂಡ.

ಹೆಪ್ಪುಗಟ್ಟಿದ ಚರ್ಮವನ್ನು ಉಜ್ಜಿದರೆ ಕಿತ್ತೇ ಬರುತ್ತದೆ. "ಉಜ್ಜಬೇಡ್ವೋ, ನಿನ್ ಕಾಲಿಗ್ ಬೀಳ್ತೀನಿ!" ಅಂದೆ. ಅವನು ನಕ್ಕ. ಎಷ್ಟು ಬೇಡಿಕೊಂಡರೆ ಅಷ್ಟು ನಗು. ಕೊನೆಗೆ ಅವನ ಹೆಬ್ಬೆರಳು ನನ್ನ ಬೆರಳಿಗೆ ತಾಗಿತು. ಫ್ರೀಜರಿನ ಬೆಂಡೆಕಾಯಿ ಮುಟ್ಟಿದವನಂತೆ ಕೈ ಹಿಂದಕ್ಕೆಳೆದ.

"ಅಯ್ಯೋ, ನಿಜಾನಾ?"

ಉಗುರುಬೆಚ್ಚಗಿನ ನೀರಿನ ಮಗ್ಗಿನಲ್ಲಿ ಕೈ ಅದ್ದಿ ಕೂರಿಸಿದ. ಬೈಯುತ್ತಲೇ ಟೀ ಅವನೇ ಕುಡಿಸಿದ. ಚಂದ್ರಾ ಲೇಔಟಿನ ಡಾಕ್ಟರಮ್ಮ ಬೆರಳ ತುದಿಗೆ ಸೂಜಿ ತಾಗಿಸಿ, "ಗೊತ್ತಾಗ್ತಿದ್ಯಾ ಯಜಮಾನ್ರೇ?" ಅಂದರು. "ಏನ್ ಗೊತ್ತಾಗ್ಬೇಕು ಮೇಡಂ?" ಅಂದೆ. "ಸ್ಪರ್ಶ ಬರುತ್ತೋ ಇಲ್ವೋ ಈಗ್ಲೇ ಹೇಳಕ್ಕಾಗಲ್ಲ. ಕಾಯ್ಬೇಕು, ಅಷ್ಟೇ."

ಕಾದೆ. ಗುಳ್ಳೆ ಒಡೆದು ಹೊಸ ಚರ್ಮ ಬಂತು. ಮತ್ತೆ ಶೆಡ್ಡಿಗೆ ಹೋದ ದಿನ ಕಣ್ಣು ಮುಚ್ಚಿಕೊಂಡೇ ರಿಂಗ್ ಕೂರಿಸಿ ತೋರಿಸಿದೆ. ಗೆಳೆಯ ಬಾಯಿ ಬಿಟ್ಟುಕೊಂಡು ನಿಂತ.

ಇಷ್ಟು ಹೇಳಿದ್ದರಲ್ಲಿ ಈ ಕೊನೆಯದೊಂದೇ ಓಳು, ಕಣ್ಣು ಮುಚ್ಚಿ ರಿಂಗ್ ಕೂರಿಸಿದ್ದು ಬರೀ ಸುಳ್ಳು. ರಿಂಗ್ ಬೆರಳ ತುದಿಯಲ್ಲಿದೆಯೋ, ಕೆಳಗೆ ಬಿತ್ತೋ, ನನಗೆ ತಿಳಿಯುವುದೇ ಇಲ್ಲ. ಈಗ ಅವನು ಕೂರಿಸುತ್ತಾನೆ, ನಾನು ಟಾರ್ಚ್ ಹಿಡಿಯುತ್ತೇನೆ.