ಮಗನಿಗೆ ಬಂದ ಹಾರ

"ತುದಿ ಚರ್ಮ ಬಿಗಿಯಾಗಿದೆ, ಮುಲಾಮಿಗೆ ಬಗ್ತಾ ಇಲ್ಲ. ತೆಗೆದುಬಿಡೋಣ" ಅಂದರು ಡಾಕ್ಟರು.

"ಅಂದ್ರೆ ಸಾಬರು ಮಕ್ಕಳಿಗೆ ಮಾಡಿಸ್ತಾರಲ್ಲ, ಆ ಸುನ್ನತಿನಾ?"

"ಅದೇ ಕಣಮ್ಮ. ಇಲ್ಲಿ ಅದು ಬರೀ ಆಪರೇಷನ್."

ಆರು ವರ್ಷದ ಮಗ ಉಚ್ಚೆ ಹೊಯ್ಯುವಾಗ ಬಚ್ಚಲ ಗೋಡೆ ಹಿಡಿದುಕೊಂಡು ಅಳುತ್ತಿದ್ದ. ಅಂಥವನನ್ನು ಮುಂದಿಟ್ಟುಕೊಂಡು ನಾನು ಯೋಚಿಸಿದ್ದು ಅತ್ತೆಗೆ ಏನು ಹೇಳಲಿ ಅಂತ. ದಸರಾ ರಜೆ ಬರಲಿ ಅಂತ ತಳ್ಳಿದೆ. ಅಷ್ಟು ದಿನವೂ ಮಗು ನೋವು ತಿಂದಿತು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ರಜೆಯಲ್ಲಿ ಹೊಸಕೋಟೆಯಲ್ಲೇ ಮಾಡಿಸಿದೆವು. ಗಂಡ ಪಿಲ್ಲಗುಂಪೆಯ ಫ್ಯಾಕ್ಟರಿಗೆ ರಜೆ ಹಾಕಿ ಜೊತೆಗಿದ್ದರು. ಎಲ್ಲರಿಗೂ ಹರ್ನಿಯಾ ಅಂದೆ. ಮಗನಿಗೂ ಹಾಗೇ ಹೇಳು ಅಂತ ಕಲಿಸಿದೆ.

ಪಕ್ಕದ ಮನೆಯ ಮುಸ್ಲಿಂ ಅಜ್ಜಿ ಬಾಳೆಹಣ್ಣು ಹಿಡಿದು ನೋಡಲು ಬಂದರು. ಹೋದ ವರ್ಷ ಅವರ ಮೊಮ್ಮಗನಿಗೆ ಸುನ್ನತಿಯಾದಾಗ ಹೊಸ ಬಟ್ಟೆ, ಕುದುರೆ ಸವಾರಿ, ಕತ್ತಿನ ತುಂಬ ಮಲ್ಲಿಗೆ ಹಾರ. ನನ್ನ ಮಗ ಕುದುರೆಯ ಹಿಂದೆ ಓಡಿದ್ದ.

"ಹರ್ನಿಯಾ ಅಜ್ಜಿ" ಅಂತ ನಾನು ಶುರು ಮಾಡಿದೆ.

ಮಗ ಲುಂಗಿಯನ್ನು ಮೈಗೆ ತಾಗದಂತೆ ಎತ್ತಿ ಹಿಡಿದು ಕೂತಿದ್ದ. "ಸುಳ್ಳು. ಅವನಿಗೆ ಮಾಡಿದ್ದೇ ನನಗೂ ಮಾಡಿದ್ದು. ಅವನಿಗೆ ಹಾರ ಹಾಕಿದ್ರಿ. ನಾನೇನು ತಪ್ಪು ಮಾಡ್ದೆ?"

ನಾನು ಭೂಮಿಗಿಳಿದುಹೋದೆ. ಅಜ್ಜಿ ನನ್ನ ಕಡೆ ನೋಡಲೇ ಇಲ್ಲ. ಮಂಚದ ತುದಿಯಲ್ಲಿ ಕೂತು ಅವನಿಗೆ ಹೇಳಿದರು: "ತಪ್ಪಲ್ಲ ಬೇಟಾ. ಇಬ್ರಾಹಿಂ ನಬಿ ಅಂತ ಒಬ್ರು ಪ್ರವಾದಿ ಇದ್ರು. ದೇವರ ಮಾತು ಕೇಳಿ, ಮುದುಕರಾದ್ಮೇಲೆ ಮಾಡ್ಕೊಂಡ್ರಂತೆ. ನೀನು ಅವರಿಗಿಂತ ಧೈರ್ಯ, ಇಷ್ಟು ಸಣ್ಣೋನು."

"ಅವರಿಗೂ ಉಚ್ಚೆ ಉರೀತಿತ್ತಾ?"

ಅಜ್ಜಿ ನಕ್ಕುಬಿಟ್ಟರು. "ಇಲ್ಲಪ್ಪ. ದೇವರ ಜೊತೆ ಮಾತಾಗಿತ್ತು, ಅದಕ್ಕೆ ಗುರುತು."

ಆಮೇಲೆ ಮೊಬೈಲಿನಲ್ಲಿ ಹುಡುಕಿ ಓದಿದೆ. ಯಹೂದಿಗಳಿಗೂ ಅದೇ ಇಬ್ರಾಹಿಮರ ಕತೆಯಂತೆ, ಅದೇ ಒಪ್ಪಂದದ ಗುರುತಂತೆ. ಅವರಿಗಿಂತಲೂ ಹಿಂದೆ ಈಜಿಪ್ಟಿನಲ್ಲಿ ಪೂಜಾರಿಗಳು ಶುದ್ಧಿಗೆಂದು ಮಾಡಿಸಿಕೊಳ್ಳುತ್ತಿದ್ದರಂತೆ. ಯಾವ ಕಾಲದಲ್ಲೂ ಯಾರೋ ಒಬ್ಬರು ಹೆಮ್ಮೆಯಿಂದಲೇ ಮಾಡಿಸಿಕೊಂಡಿದ್ದಾರೆ. ನನ್ನ ಮಗನಿಗೆ ಮಾತ್ರ ನಾನು ಅದನ್ನು ಕಳ್ಳತನದ ಹಾಗೆ ಮಾಡಿಸಿದ್ದೆ.

ಮಾರನೆಯ ದಿನ ಬೆಳಿಗ್ಗೆ ಅಜ್ಜಿ ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ ಹಾರ ತಂದು ಬಾಗಿಲಲ್ಲೇ ನನ್ನ ಕೈಗೆ ಕೊಟ್ಟರು. "ಮಗೂಗೆ ಹಾಕಮ್ಮ" ಅಂದಿದ್ದಷ್ಟೇ, ಹೋದರು. ಮಗನ ಮುಖ ಅರಳಿತು. ಮಂಚದ ಮೇಲೆ ನೆಟ್ಟಗೆ ಕೂತು, ಕತ್ತು ಬಗ್ಗಿಸಿದ.

ಅಷ್ಟರಲ್ಲಿ ಅತ್ತೆ ಒಳಗೆ ಬಂದರು. ದೇವನಹಳ್ಳಿ ಕಡೆಯ ಊರಿಂದ ಮೊದಲ ಬಸ್ಸಿಗೇ ಹೊರಟಿದ್ದರಂತೆ, ಮೊಮ್ಮಗನ ಹರ್ನಿಯಾ ನೋಡಲು.

"ಹಾರ ಯಾಕೆ ತಂದೆ?"

ನಿಜ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ.

"ದೇವರಿಗೆ ಅತ್ತೆ" ಅಂದೆ. ಹೋಗಿ ದೇವರ ಫೋಟೋಗೆ ಹಾಕಿದೆ. ಅತ್ತೆ ಕೈ ಮುಗಿದರು.

ತಿರುಗಿ ನೋಡಿದರೆ ಮಗ ಇನ್ನೂ ಕತ್ತು ಬಗ್ಗಿಸಿಕೊಂಡೇ ಕೂತಿದ್ದ.