ಜಗಳಕ್ಕೂ ಊರಿನವರಿಲ್ಲ

ಬಾಬೆಲಿನ ಸೀಮೆಯ ಕಾಲುವೆ ದಂಡೆಯಲ್ಲಿದ್ದ ಯೆಹೂದ್ಯರ ಕೇರಿಯಲ್ಲಿ, ಹಮೂಟಲಳಿಗೆ ಸ್ವಂತ ಊರಿನವನೆಂದು ಉಳಿದಿದ್ದವನು ಪೆಲಟ್ಯ ಒಬ್ಬನೇ. ಬಾಬೆಲಿನವರು ಸೆರೆಹಿಡಿದು ತಂದಾಗ ಅವಳು ಚಿಕ್ಕ ಹುಡುಗಿ, ಅವನು ಕುರಿ ಕಾಯುವ ಹುಡುಗ. ಈಗ ಇಬ್ಬರ ತಲೆಯೂ ಬೆಳ್ಳಗಾಗಿತ್ತು. ವಾರದ ಬಿಡುವಾದ ಸಬ್ಬತ್ತಿನ ದಿನ ಖರ್ಜೂರದ ನೆರಳಲ್ಲಿ ಕೂತರೆ ಸಾಕು, ಜಗಳ ಶುರು.

"ಬಾವಿ ಇದ್ದದ್ದು ದ್ರಾಕ್ಷಿ ಆಲೆಯ ಮೇಲ್ಗಡೆ ಕಣೋ."

"ಕೆಳಗಡೆ. ನೀನು ಯಾವತ್ತು ನೀರು ಸೇದಿದ್ದೆ? ನಿಮ್ಮವ್ವ ಸೇದ್ತಿದ್ಲು, ನೀನು ಅಂಜೂರ ಕದ್ದು ತಿಂತಿದ್ದೆ."

"ಕದ್ದವನು ನೀನು! ನಮ್ಮಪ್ಪನ ಕೈಲಿ ಒದೆ ತಿಂದದ್ದು ಮರೆತ್ಯಾ?"

ಜಗಳವೆಲ್ಲ ಬೆಟ್ಟದ ಸೀಮೆಯ ಹಳೆಯ ಮಾತಿನಲ್ಲೇ. ಕೇರಿಯ ಎಳೆಯರ ನಾಲಗೆ ಇಲ್ಲಿನ ಅರಾಮಿಯ ಮಾತಿಗೆ ಹೊರಳಿತ್ತು; ಅರ್ಧ ತಿಳಿಯದೆಯೇ ನಗುತ್ತಿದ್ದರು.

ಬಾರ್ಲಿ ಕೊಯ್ಲಿನ ಹೊತ್ತಿಗೆ ಪೆಲಟ್ಯ ಜ್ವರ ಬಂದು ಸತ್ತ. ಮಣ್ಣು ಮಾಡಿ ಬಂದ ಮೇಲೆ ಹಮೂಟಲ್ ಅಳಲಿಲ್ಲ. ಬಾವಿ ಮೇಲ್ಗಡೆಯೇ ಇತ್ತು ಎಂದುಕೊಂಡಳು. ಇಲ್ಲ ಎನ್ನುವವರು ಯಾರೂ ಇರಲಿಲ್ಲ. ದಿನ ಕಳೆದಂತೆ ಅವಳಿಗೇ ಅನುಮಾನ ಹತ್ತಿತು. ನೆನಪಿನಲ್ಲಿ ಬಾವಿಯ ಹಿಂದೆಯೇ ಆಲೆಯೂ ಮಸುಕಾಯಿತು, ಆಮೇಲೆ ಅವ್ವನ ಮುಖವೂ.

"ನಿಮ್ಮೂರಿನ ಸುದ್ದಿ ನಂಗೇ ಹೇಳಿ ಅತ್ತೆ," ಎಂದಳು ಸೊಸೆ ಯೆಕೋಲ್ಯ. ಅವಳು ಇಲ್ಲೇ ಹುಟ್ಟಿದವಳು. ಹಮೂಟಲ್ ಹೇಳಿದಳು. ಸೊಸೆ ಎಲ್ಲದಕ್ಕೂ "ಹೌದಾ, ಹೌದಾ" ಎಂದಳು. ಬೇಕೆಂದೇ ತಪ್ಪು ಹೇಳಿದಾಗಲೂ ಹೌದೇ. ಹಮೂಟಲ್ ಅರ್ಧಕ್ಕೇ ಎದ್ದುಹೋದಳು.

ಆ ಸಂಜೆ ಕಾಲುವೆ ಏರಿಯ ಮೇಲೆ, ಊರಿರುವ ಪಡುವಣಕ್ಕೆ ಮುಖಮಾಡಿ, ಹಿರಿಯರು ಕಲಿಸಿದ ಪ್ರಾರ್ಥನೆ ಹೇಳತೊಡಗಿದಳು. ನಡುವೆ ಎಲ್ಲೋ ಅದು ತಪ್ಪಿ, ಮನೆಮಾತು ಬಾಯಿಗೆ ಬಂತು.

"ನೀನೂ ಅಲ್ಲಿಯವನೇ ಅಲ್ವೇನಪ್ಪಾ? ನಿನ್ನ ಗುಡಿ ಸುಟ್ಟ ವರ್ಷವೇ ನಮ್ಮನೇನೂ ಸುಟ್ರು. ನಮ್ಮ ಜೊತೆ ನಡಕೊಂಡು ಬಂದ್ಯೋ, ಅಲ್ಲೇ ಉಳಕೊಂಡ್ಯೋ? ಬಾಯಿಬಿಡು. ಊರಿನವರು ಅಂತ ನಂಗಿನ್ನು ನೀನೊಬ್ಬನೇ."

ಇಟ್ಟಿಗೆ ತುಂಬಿದ ದೋಣಿಯೊಂದು ಹಾದುಹೋಯಿತು, ಅಷ್ಟೇ. ಆದರೂ ಮರುದಿನ ಹೋದಳು, ಅದರ ಮರುದಿನವೂ.

ಒಂದು ಸಂಜೆ ಊಟಕ್ಕೆ ಕರೆಯಲು ಬಂದ ಯೆಕೋಲ್ಯ ಬೆಚ್ಚಿದಳು. "ಯಾರ ಹತ್ರ ಜಗಳ ಆಡ್ತಿದ್ದೀರಿ ಅತ್ತೆ?"

"ನಮ್ಮೂರಿನವನ ಹತ್ರ."

"ಪೆಲಟ್ಯಜ್ಜ ಹೋಗಿ ಎಷ್ಟು ತಿಂಗಳಾಯ್ತು!"

"ಅವನಲ್ಲ ಬಿಡೇ."

ಅತ್ತೆ ಮುಖಮಾಡಿದ್ದ ದಿಕ್ಕು ನೋಡಿ ಸೊಸೆಗೆ ತಿಳಿಯಿತು. ದನಿ ತಗ್ಗಿಸಿ ಕೇಳಿದಳು, "ಏನಾದ್ರೂ ಅಂದನಾ?"

"ಇನ್ನೂ ಇಲ್ಲ. ನೀನು ನಡಿ, ಮೀನು ಆರಿಹೋಗುತ್ತೆ."

ಯೆಕೋಲ್ಯ ಮನೆಗೆ ಹೋಗಲಿಲ್ಲ. ಮಾತು ಕಿವಿಗೆ ಬೀಳದಷ್ಟು ದೂರ ಹೋಗಿ, ಏರಿಯ ಮೇಲೆ ಕೂತು ಕಾದಳು.