ಎಡಕ್ಕೆ ಎದ್ದ ಕೈ

ಇದು ಕಟ್ಟುಕತೆಯಾಗಿದ್ದರೆ ನಾನು ಇನ್ನೂ ಚೆನ್ನಾಗಿ ಕಟ್ಟುತ್ತಿದ್ದೆ. ಮೊದಲಿಗೊಂದು ಸ್ಮಶಾನ, ಕೊನೆಗೊಬ್ಬ ಮಂತ್ರವಾದಿ, ನಡುವೆ ಊಳಿಡುವ ನಾಯಿ... ಅದ್ಯಾವುದೂ ಇಲ್ಲಿಲ್ಲ. ಇರುವುದು ಒಂದು ಹಳೇ ಕಾರು ಮತ್ತು ನನ್ನ ತಂಗಿಯ ಮದುವೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನೀವು ನಂಬದಿದ್ದರೆ ನನಗೇನೂ ಬೇಜಾರಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಎರಡನೇ ಮಹಾಯುದ್ಧದ ಕಾಲ. ಪೆಟ್ರೋಲಿಗೆ ಕೂಪನ್ನು. ಅಂಥ ಹೊತ್ತಿನಲ್ಲಿ ಕಾರು ಕೊಂಡ ನನಗೆ ತಲೆ ಕೆಟ್ಟಿದೆ ಅಂತ ಊರೆಲ್ಲ ಆಡಿಕೊಂಡಿತು. ಕೋಲಾರದಲ್ಲಿ ನಾನು ವೈರಿಂಗ್ ಕೆಲಸ ಮಾಡುತ್ತಿದ್ದೆ. ಕೈಯಲ್ಲಿ ಕೆಲಸವೂ ಇತ್ತು, ತಲೆಯಲ್ಲಿ ಜಂಬವೂ ಇತ್ತು. ಹಳೇ ಮೋಟಾರು ವ್ಯಾಪಾರದ ರಹೀಂ ಸಾಬರು ಒಂದು ಇಂಗ್ಲಿಷ್ ಕಾರಿಗೆ ಹೊಸ ಬಣ್ಣ ಬಳಿದು ನಿಲ್ಲಿಸಿದ್ದರು. ಮೊದಲು ಅದು ಮಾಲೂರಿನಲ್ಲಿ ಬಾಡಿಗೆಗೆ ಓಡುತ್ತಿತ್ತಂತೆ.

“ಬಾಕಿ ಎಲ್ಲಾ ಪಕ್ಕಾ ಐತೆ,” ಅಂದರು ಸಾಬರು. “ಈ ಎಡಗಡೆ ಕೈ ಒಂದು ಆವಾಗಾವಾಗ ತಾನೇ ಏಳ್ತದೆ. ಎಷ್ಟು ನೋಡಿದ್ರೂ ಸರಿ ಹೋಗ್ಲಿಲ್ಲ.”

“ಎಲ್ಲೋ ವೈರು ತಾಗ್ತಿದೆ ಸಾಬ್ರೆ. ನನಗೆ ಬಿಡಿ,” ಅಂದೆ.

ಕೈ ಅಂದರೆ ಏನು ಅಂತ ಹೇಳಬೇಕು. ಆ ಕಾರುಗಳಿಗೆ ತಿರುಗುವಾಗ ಮಿನುಗುವ ದೀಪಗಳಿರಲಿಲ್ಲ. ಎರಡೂ ಕಡೆ, ಮುಂದಿನ ಬಾಗಿಲಿಗೂ ಹಿಂದಿನ ಬಾಗಿಲಿಗೂ ನಡುವಿನ ಕಂಬದೊಳಗೆ, ಗೇಣುದ್ದದ ಒಂದು ಪಟ್ಟಿ ಮಡಚಿಕೊಂಡು ಕೂತಿರುತ್ತಿತ್ತು. ಸ್ಟೀರಿಂಗ್ ಮೇಲಿನ ಗುಂಡಿ ತಿರುಗಿಸಿದರೆ ಟಕ್ ಎಂದು ಆಚೆಗೆ ಎದ್ದು ನಿಲ್ಲುತ್ತಿತ್ತು. ಅದರೊಳಗಿನ ಸಣ್ಣ ಬಲ್ಬು ಕಿತ್ತಳೆ ಬಣ್ಣದಲ್ಲಿ ಉರಿಯುತ್ತಿತ್ತು. ಕರೆಂಟು ಬಂದರೆ ಏಳುತ್ತದೆ, ನಿಂತರೆ ತನ್ನ ಭಾರಕ್ಕೇ ಬೀಳುತ್ತದೆ. ಅದಕ್ಕೆ ಬೇರೆ ವಿದ್ಯೆ ಗೊತ್ತಿಲ್ಲ.

ಆ ಕಾರಿನಲ್ಲಿ ಸಣ್ಣಪುಟ್ಟ ತಂಟೆ ಬೇಕಾದಷ್ಟಿತ್ತು. ಹಳ್ಳಕ್ಕೆ ಇಳಿದರೆ ಹಾರನ್ ಕೂಗುತ್ತಿತ್ತು, ಹೆಡ್‌ಲೈಟು ಮಂಕಾಗುತ್ತಿತ್ತು. ಒಂದು ಕಡೆ ಅರ್ಥಿಂಗ್ ವೈರು ಸಡಿಲ, ಇನ್ನೊಂದು ಕಡೆ ವೈರಿನ ರಬ್ಬರು ಸವೆದು ತಗಡಿಗೆ ತಾಗುತ್ತಿತ್ತು. ಎಲ್ಲವನ್ನೂ ಹುಡುಕಿ ಸರಿಮಾಡಿದೆ. ಎಡಗಡೆಯ ಕೈಗೂ ಹೊಸ ವೈರು ಎಳೆದೆ. ಆಮೇಲೆ ಅದು ಏಳಲಿಲ್ಲ, ನಾನೂ ಮರೆತೆ.

ತಂಗಿ ಕಮಲನ ಮದುವೆ ಮುಳಬಾಗಿಲಿನಲ್ಲಿ, ನಮ್ಮ ದೊಡ್ಡಪ್ಪನ ಮನೆ ಮುಂದೆ ಚಪ್ಪರ ಹಾಕಿ. ಗಂಡು ಮಾಲೂರಿನ ಆಚೆ ಲಕ್ಕೂರಿನವನು, ಮುನಿರಾಜು. ಜಮೀನಿತ್ತು, ಮಾತು ಕಡಿಮೆ, ಒಳ್ಳೆಯವನ ಹಾಗೆ ಕಂಡ. ಅಪ್ಪ ಇಲ್ಲದ ಮನೆಯಲ್ಲಿ ಕಮಲನನ್ನು ಒಂದು ದಡ ಸೇರಿಸುವುದು ನನ್ನ ಹೊಣೆ. ಗಂಡಿನ ಕಡೆಯವರೆಲ್ಲ ಹಗಲಿನ ಬಸ್ಸಿಗೆ ಬಂದರು. ಗಂಡನ್ನೂ ಅವನ ತಾಯಿ ತಿಮ್ಮಕ್ಕನನ್ನೂ ನಾನೇ ಕಾರಿನಲ್ಲಿ ಕರೆತರುತ್ತೇನೆ ಅಂತ ಹಟ ಹಿಡಿದೆ. ಕಾರಿರುವ ಭಾವ ಅನ್ನಿಸಿಕೊಳ್ಳುವ ಆಸೆ, ಇನ್ನೇನು.

ಲಕ್ಕೂರು ಬಿಡುವಾಗಲೇ ರಾತ್ರಿ ಬಹಳವಾಗಿತ್ತು. ಧಾರೆ ಬೆಳಗಿನ ಜಾವಕ್ಕೆ. ಮುನಿರಾಜು ನನ್ನ ಪಕ್ಕ ಕೂತ. ತಿಮ್ಮಕ್ಕ ಹಿಂದಿನ ಬಾಗಿಲು ಹಿಡಿದುಕೊಂಡು ಒಂದು ಗಳಿಗೆ ಹತ್ತದೆ ನಿಂತರು. ಹತ್ತಿದ ಮೇಲೂ ನನ್ನ ಬೆನ್ನ ಹಿಂದಿನ ಮೂಲೆಗೆ ಒತ್ತಿಕೊಂಡು ಕೂತರು.

“ಅಮ್ಮಾ, ಸೀಟು ಪೂರ್ತಿ ನಿಮ್ದೇ. ಆರಾಮಾಗಿ ಕೂತ್ಕೊಳ್ಳಿ.”

“ಇಲ್ಲೇ ಸರಿ, ನಾಯ್ನಾ... ನೀನು ನಡಿ.”

ಕೋಲಾರ ದಾಟಿತು. ಮುಳಬಾಗಿಲು ರಸ್ತೆಯಲ್ಲಿ ನಮ್ಮ ದೀಪ ಬಿಟ್ಟರೆ ಬೇರೆ ಬೆಳಕಿಲ್ಲ. ಆಗ ಕಾರಿನೊಳಗೆ ಒಂದು ವಾಸನೆ ಬಂತು. ಶುಂಠಿ ತೇದು ಜ್ವರದವರ ಹಣೆಗೆ ಪಟ್ಟು ಹಾಕುತ್ತಾರಲ್ಲ, ಆ ಖಾರದ ವಾಸನೆ.

“ತಲೆನೋವಾ ಅಮ್ಮಾ? ಶುಂಠಿ ಹಚ್ಕೊಂಡಿದ್ದೀರಾ?”

ಮುನಿರಾಜು ಎರಡೂ ಕೈಗಳನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ರಸ್ತೆಯನ್ನೇ ನೋಡುತ್ತಿದ್ದ...

ಟಕ್.

ಎಡಗಡೆ ಕಿತ್ತಳೆ ಬೆಳಕು. ಕೈ ಎದ್ದಿತ್ತು.

ಗುಂಡಿ ತಿರುಗಿಸಿದೆ, ಇಳಿಯಲಿಲ್ಲ. ಸ್ವಲ್ಪ ಮುಂದೆ ಎಡಕ್ಕೆ ಒಂದು ಮಣ್ಣುದಾರಿ ಕವಲೊಡೆಯುತ್ತದೆ. ಶ್ರೀನಿವಾಸಪುರದ ಕಡೆಗೆ, ಅಲ್ಲಿಂದ ಗೌನಿಪಲ್ಲಿಗೆ. ಆ ಕವಲಿನ ಬಾಯಲ್ಲಿ ಕಾರು ನಿಲ್ಲಿಸಿದೆ. ಹೆದರಿಕೆಯಿಂದಲ್ಲ, ಸಿಟ್ಟಿನಿಂದ. ನಾನೇ ಎಳೆದ ವೈರು ಬೀಗರ ಮುಂದೆ ನನ್ನ ಮಾನ ಕಳೆಯುತ್ತಿತ್ತು.

ಎಂಜಿನ್ ಆರಿಸಿ, ಟಾರ್ಚು ಹಿಡಿದು ಇಳಿದೆ. ಫ್ಯೂಸು ಕಿತ್ತೆ. ಕೈ ಇಳಿಯಲಿಲ್ಲ. ಇನ್ನೆಲ್ಲಿಂದಲೋ ಕರೆಂಟು ಕದಿಯುತ್ತಿದೆ ಅಂದುಕೊಂಡು, ಬಾನೆಟ್ ಎತ್ತಿ ಬ್ಯಾಟರಿಯ ವೈರನ್ನೇ ಬಿಚ್ಚಿದೆ. ಹೆಡ್‌ಲೈಟು ಆರಿತು. ಸುತ್ತ ಕಗ್ಗತ್ತಲು...

ಕೈ ಮಾತ್ರ ಹಾಗೇ ನಿಂತಿತ್ತು. ಬಲ್ಬು ಉರಿಯುತ್ತಿತ್ತು.

ಬ್ಯಾಟರಿ ಇಲ್ಲದೆ ಬಲ್ಬು ಉರಿಯುವುದಿಲ್ಲ. ಇದು ನಂಬಿಕೆಯ ಮಾತಲ್ಲ, ನನ್ನ ಅನ್ನದ ಮಾತು. ಹತ್ತಿರ ಹೋಗಿ ಕೈಯನ್ನು ಬೆರಳಿನಿಂದ ಕೆಳಕ್ಕೆ ಒತ್ತಿದೆ. ಅದು ಇಳಿಯಲಿಲ್ಲ, ನನ್ನ ಬೆರಳನ್ನೇ ಮೇಲಕ್ಕೆ ಒತ್ತಿತು. ಬಿಸಿಯಾಗಿತ್ತು. ಬಲ್ಬಿನ ಬಿಸಿ ನನಗೆ ಗೊತ್ತು. ಇದು ಜ್ವರದವರ ಮೈ ಮುಟ್ಟಿದ ಹಾಗಿತ್ತು. ಬೆರಳನ್ನು ಹಿಂದಕ್ಕೆ ಎಳೆದುಕೊಂಡೆ.

“ಭಾವ... ಅದು ಕೆಟ್ಟಿಲ್ಲ,” ಅಂದ ಮುನಿರಾಜು, ಕೂತಲ್ಲಿಂದಲೇ.

“ಬಾಯ್ಮುಚ್ಚೋ!” ಹಿಂದಿನಿಂದ ತಿಮ್ಮಕ್ಕ.

“ಎಷ್ಟು ದಿನ ಅಂತ ಮುಚ್ಕೊಂಡಿರ್ಲಮ್ಮ? ಬಣ್ಣ ಬೇರೆ ಆಗಿದೆ. ಆದ್ರೆ ಕಾರು ಇದೇ. ನಿಂಗೂ ಗೊತ್ತು.”

ಕತ್ತಲಲ್ಲಿ, ಪಿಸುದನಿಯಲ್ಲಿ ಅವನು ಹೇಳಿದ್ದಿಷ್ಟು. ಅವನಿಗೆ ಮೊದಲೇ ಒಂದು ಮದುವೆಯಾಗಿತ್ತು. ಹುಡುಗಿ ಸುಬ್ಬಲಕ್ಷ್ಮಿ, ಗೌನಿಪಲ್ಲಿ ಹತ್ತಿರದವಳು. ಹೋದ ವರ್ಷ ಅವಳಿಗೆ ಜ್ವರ ಏರಿತು. ಮುಳಬಾಗಿಲಿನ ಯಾರೋ ಪಂಡಿತರ ಹತ್ತಿರ ತೋರಿಸಲು ಇದೇ ಕಾರನ್ನು ಬಾಡಿಗೆಗೆ ತಂದರು. ಈ ಕವಲಿಗೆ ಬಂದಾಗ ಅವಳು “ಅಮ್ಮ ದಗ್ಗರಿಕಿ ಪೋದಾಂ, ಅಮ್ಮನ ಹತ್ರ ಹೋಗೋಣ” ಅಂತ ಅತ್ತಳು.

“ಡ್ರೈವರ್ ಪಾಪ ಎಡಕ್ಕೆ ಕೈ ಎತ್ತೇಬಿಟ್ಟಿದ್ದ, ಭಾವ. ಅಮ್ಮ, ‘ಅವಳ ಮಾತು ಕೇಳ್ಬೇಡ, ಕೈ ಇಳಿಸು, ನೇರ ನಡಿ’ ಅಂದ್ಳು. ನಾನು ಸುಮ್ನೆ ಕೂತಿದ್ದೆ. ಮುಳಬಾಗಿಲು ಸೇರೋ ಮುಂಚೇನೇ ಹೋಗ್ಬಿಟ್ಳು.”

“ಕೋಲಾರ ದಾಟ್ಕೊಂಡು ಬಂದ್ರಾ? ಆಸ್ಪತ್ರೆ ಮುಂದೇನೇ?”

ಅವನು ತಲೆ ತಗ್ಗಿಸಿದ. ನನಗೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು.

ಇನ್ನೊಂದು ವಿಷಯ ಆಗ ಹೊಳೆಯಿತು. ನಮ್ಮ ಕಡೆ ಹೆಂಡತಿ ತೀರಿಕೊಂಡವನು ಮತ್ತೆ ಮದುವೆಯಾಗುವುದಾದರೆ, ಮೊದಲು ಅವಳ ಹೆಸರಲ್ಲಿ ಹೊಸ ಸೀರೆ ಇಟ್ಟು, ಎಡೆ ಹಾಕಿ, ಅಪ್ಪಣೆ ಕೇಳಬೇಕು. ಹಾಗೆ ಮಾಡಿದ್ದರೆ ಮೊದಲ ಮದುವೆಯ ಸುದ್ದಿ ನಮ್ಮ ಕಿವಿಗೂ ಬೀಳುತ್ತಿತ್ತು. ಅದಕ್ಕೇ ಇವರು ಮಾಡಿರಲಿಲ್ಲ.

“ಧಾರೆ ಆಗೋಗ್ಲಿ, ನಾಯ್ನಾ,” ತಿಮ್ಮಕ್ಕ ಅಳು ದನಿಯಲ್ಲಿ ಅಂದರು. “ಆಮೇಲೆ ಎಲ್ಲಾ ಮಾಡ್ತೀನಿ. ನಿನ್ ತಂಗಿ ಬಾಳು ಚಪ್ಪರದಲ್ಲಿ ನಿಂತೋದ್ರೆ ಇನ್ಯಾರು ಮಾಡ್ಕೊಂತಾರೆ?”

ಆ ಮಾತು ನನ್ನನ್ನು ಚುಚ್ಚಿತು, ಸುಳ್ಳೇನೂ ಅಲ್ಲವಲ್ಲ. ಬ್ಯಾಟರಿ ವೈರು ಸಿಕ್ಕಿಸಿ ಕಾರು ಶುರು ಮಾಡಿದೆ. ಯಾವ ತಕರಾರೂ ಇಲ್ಲದೆ ಎಂಜಿನ್ ಹೊರಟಿತು. ನೇರ ನಡೆಸಿದೆ. ಕವಲು ಹಿಂದೆ ಬಿದ್ದ ಮೇಲೆ ಕೈ ಮೆಲ್ಲಗೆ ಇಳಿಯಿತು, ಕೇಳಿ ಕೇಳಿ ಸೋತವರ ಹಾಗೆ.

ಮುಳಬಾಗಿಲಿನಲ್ಲಿ ಓಲಗದವರು ಇನ್ನೂ ಮಲಗಿದ್ದರು. ಕಮಲ ಹಸೆಗೆ ಕೂರಲು ತಯಾರಾಗುತ್ತಿದ್ದಳು. ಅವಳನ್ನು ಅಡುಗೆಮನೆಯ ಹಿಂದಕ್ಕೆ ಕರೆದು ಎಲ್ಲವನ್ನೂ ಹೇಳಿದೆ. ಅವಳು ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ. ಒಳಗೆ ಹೋಗಿ ತನ್ನ ಧಾರೆ ಸೀರೆಯನ್ನು ತಂದು ನನ್ನ ಕೈಗಿಟ್ಟಳು.

“ಅವಳನ್ನ ಅವಳಮ್ಮನ ಮನೇಗೆ ಬಿಟ್ಟು ಬಾ, ಅಣ್ಣ.”

“ಕಮಲಾ, ಜನ ಏನಂತಾರೆ...”

“ಏನಾದ್ರೂ ಅನ್ಲಿ. ಜ್ವರದಲ್ಲಿ ಅಮ್ಮನ್ನ ಕೇಳಿದೋಳನ್ನ ನೇರ ಕರ್ಕೊಂಡೋದೋರ ಮನೇಗೆ ನಾನು ಹೋಗಲ್ಲ. ನಾಳೆ ನಂಗೆ ಜ್ವರ ಬರಲ್ವಾ?”

ಮುನಿರಾಜನಿಂದ ಊರು, ಮನೆಯ ಗುರುತು ಕೇಳಿಕೊಂಡೆ. ಅವನು ಕಾರಿನಿಂದ ಇಳಿದು ಚಪ್ಪರದ ಹೊರಗೇ ಕೂತುಬಿಟ್ಟ. ಮದುವೆಗೆ ಬಂದಿದ್ದ ಲಾರಿಯವನೊಬ್ಬನನ್ನು ಬೇಡಿ ಪೆಟ್ರೋಲ್ ಹಾಕಿಸಿಕೊಂಡೆ. ಸೀರೆಯನ್ನು ಹಿಂದಿನ ಸೀಟಿನಲ್ಲಿಟ್ಟು ಒಬ್ಬನೇ ಹೊರಟೆ.

ಒಬ್ಬನೇ ಅನ್ನುತ್ತೇನೆ... ಶುಂಠಿಯ ವಾಸನೆ ದಾರಿಯುದ್ದಕ್ಕೂ ಜತೆಗಿತ್ತು. ಹಳ್ಳ ಬಂದಾಗ ಹಿಂದಿನ ಸೀಟಿನ ಸ್ಪ್ರಿಂಗು ಕಿರ್ರೆನ್ನುತ್ತಿತ್ತು, ಒಂದು ಸೀರೆಯ ಭಾರಕ್ಕೆ ಕಿರ್ರೆನ್ನುವ ಹಾಗಲ್ಲ. ನಾನು ತಿರುಗಿ ನೋಡಲಿಲ್ಲ. ಅದೇ ಕವಲು ಹತ್ತಿರವಾಯಿತು. ಈಗ ನಾನು ವಾಪಸು ಬರುತ್ತಿದ್ದೆನಲ್ಲ, ಆ ದಾರಿ ನನಗೆ ಬಲಕ್ಕೆ. ಎಡಗೈ ಏಳುತ್ತದೋ ಅಂತ ಓರೆಗಣ್ಣಲ್ಲಿ ನೋಡಿದೆ.

ಟಕ್.

ಎದ್ದದ್ದು ಬಲಗೈ. ಒಂದು ದಿನವೂ ಕೆಡದಿದ್ದ, ನಾನು ಮುಟ್ಟಿಯೂ ನೋಡದಿದ್ದ ಬಲಗೈ...

ಕಣ್ಣಲ್ಲಿ ನೀರು ಬಂತು. ಹೆದರಿಕೆಗೋ ಮತ್ಯಾತಕ್ಕೋ ಗೊತ್ತಿಲ್ಲ. “ತಿರುಗಿಸ್ತೀನಿ ತಾಯಿ, ತಿರುಗಿಸ್ತೀನಿ,” ಅಂತ ಗಟ್ಟಿಯಾಗಿ ಹೇಳಿದೆ. ತಿರುಗಿಸಿದೆ. ಕೈ ಇಳಿಯಿತು.

ಗೌನಿಪಲ್ಲಿ ದಾಟಿ ಆ ಊರು ಸೇರುವಾಗ ಪೂರ್ವ ಬೆಳ್ಳಗಾಗುತ್ತಿತ್ತು. ಮಾವಿನ ತೋಪಿನ ಅಂಚಿಗೆ ಮನೆ. ಬಾಗಿಲಲ್ಲಿ ಒಬ್ಬ ಮುದುಕಿ ನಿಂತಿದ್ದಳು. ನನ್ನನ್ನು ಯಾರು, ಏನು ಅಂತ ಕೇಳಲಿಲ್ಲ. ನೆಟ್ಟಗೆ ಬಂದು ಹಿಂದಿನ ಬಾಗಿಲು ತೆಗೆದಳು. ಒಳಕ್ಕೆ ಬಾಗಿ, ಎರಡೂ ಕೈ ಚಾಚಿದಳು.

“ಬಿಡ್ಡನಿ ಇಟ್ಲ ಇಯ್ಯಮ್ಮಾ,” ಅಂದಳು. ಮಗುವನ್ನು ಈ ಕಡೆ ಕೊಡಮ್ಮಾ ಅಂತ.

ಎಳೆಗೂಸಿನ ತಲೆಗೆ ಆಸರೆ ಕೊಡುವ ಹಾಗೆ ಅಂಗೈ ಮಡಿಸಿ ಏನನ್ನೋ ಎದೆಗೆ ತೆಗೆದುಕೊಂಡಳು. ಆಮೇಲೆ ಇಳಿಯುವವರಿಗೆ ದಾರಿ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದಳು. ನನಗೆ ಏನೂ ಕಾಣಲಿಲ್ಲ. ಸೀಟಿನ ಸ್ಪ್ರಿಂಗು ಮೇಲೆದ್ದ ಸದ್ದು ಕೇಳಿಸಿತು, ಅಷ್ಟೇ. ನಾನು ಸೀರೆಯನ್ನು ಜಗುಲಿಯ ಮೇಲಿಟ್ಟು ಕೈ ಮುಗಿದೆ.

“ಮಗಳು ಸತ್ತಾಗಿಂದ ಹಿಂಗೇ,” ಅಂದಳು ಪಕ್ಕದ ಮನೆಯವಳು. “ಮೋಟಾರ್ ಸದ್ದಾದ್ರೆ ಬಂದು ನಿಂತ್ಕೊತಾಳೆ. ಆದ್ರೆ ಕೂಸು ಅಂತ ಇವತ್ತೇ ಅಂದಿದ್ದು. ಆ ಮಗಳಿಗೆಲ್ಲಿತ್ತು ಕೂಸು?”

ಮದುವೆ ನಿಂತಿತು. ಜನ ಆಡಿಕೊಂಡರು, ಆಮೇಲೆ ಬೇರೆಯವರ ವಿಷಯ ಸಿಕ್ಕಿ ನಮ್ಮನ್ನು ಬಿಟ್ಟರು. ಕಮಲ ಒಳ್ಳೆಯ ಮನೆಯನ್ನೇ ಸೇರಿದಳು. ಕಾರಿನ ಕೈಗಳು ಮತ್ತೆ ತಾವಾಗಿ ಏಳಲಿಲ್ಲ.

ಬಹಳ ದಿನದ ಮೇಲೆ ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಮುನಿರಾಜು ಸಿಕ್ಕಿದ. ಮಾತು ಬೇಡ ಅಂದುಕೊಂಡರೂ ಮುದುಕಿ ಕೈ ಚಾಚಿದ್ದನ್ನು ಹೇಳಿಬಿಟ್ಟೆ. ಅವನು ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತ.

“ಅದು ನಮ್ಮಮ್ಮಂಗೂ ಗೊತ್ತಿಲ್ಲ, ಭಾವ. ಆವತ್ತು ಕಾರಲ್ಲೇ ಸುಬ್ಬಲಕ್ಷ್ಮಿ ನನ್ನ ಕಿವೀಲಿ ಹೇಳಿದ್ಳು, ಬಸುರಿ ಅಂತ. ‘ನಮ್ಮಮ್ಮಂಗೆ ಮೊದ್ಲು ಹೇಳ್ಬೇಕು, ಎಡಕ್ಕೆ ತಿರುಗಿಸ್ರಿ’ ಅಂದ್ಳು.”

ಈಗಲೂ ರಾತ್ರಿ ಒಬ್ಬನೇ ಕಾರು ಓಡಿಸುವಾಗ ನಾನು ಹಿಂದಿನ ಸೀಟು ಕಾಣದ ಹಾಗೆ ಒಳಗಿನ ಕನ್ನಡಿಯನ್ನು ಮೇಲಕ್ಕೆ ತಿರುಗಿಸಿಬಿಡುತ್ತೇನೆ.